ಹುಡುಕಿದವರಿಗೆ ಸಿಗುವಂತಹ ಉತ್ಪನ್ನ ವಿವರಣೆ: ಬ್ಯಾಡಗಿ ಮೆಣಸಿನಕಾಯಿಯ ನಿದರ್ಶನ

(ಉಪನ್ಯಾಸದ ಪಠ್ಯ)



ಸ್ವಸಹಾಯ ಸಂಘವೊಂದು ತನ್ನ ಮೆಣಸಿನ ಪುಡಿಗೆ ಅಂತರ್ಜಾಲ ಪುಟ ತೆರೆದ ಮಾತ್ರಕ್ಕೆ ಗ್ರಾಹಕರು ಬರುವುದಿಲ್ಲ. ಪುಟವು ಕಾಣದಿದ್ದರೆ ಮಹಿಳೆಯರ ದುಡಿಮೆಯ ಲಾಭ ಮಧ್ಯವರ್ತಿಯ ಪಾಲಾಗುತ್ತದೆ.

‘ಉತ್ತಮ ಗುಣಮಟ್ಟದ ಉತ್ಪನ್ನ’ ಎಂದು ಯಾರೂ ಹುಡುಕುವುದಿಲ್ಲ. ‘ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಮೆಣಸಿನ ಪುಡಿ’ ಎಂದು ಹುಡುಕುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿಗೆ ಕಾರಣವೂ ಈ ಗುಣವೇ. ಆದುದರಿಂದ ಶೀರ್ಷಿಕೆಯಲ್ಲಿ ತಳಿಯ ಹೆಸರು, ಮೊದಲ ವಾಕ್ಯದಲ್ಲಿ ಅದರ ಗುಣ, ಉಪಶೀರ್ಷಿಕೆಗಳಲ್ಲಿ ಡಬ್ಬಿ ಮತ್ತು ಕಡ್ಡಿ ಬಗೆಗಳ ವ್ಯತ್ಯಾಸ ಹಾಗೂ ಬಳಕೆ ಇರತಕ್ಕದ್ದು. ಇಂಗ್ಲಿಷ್‌ನಲ್ಲಿ ‘ಬ್ಯಾಡಗಿ’ ಪದವನ್ನು ಎರಡು ಮೂರು ಬಗೆಯಲ್ಲಿ ಬರೆಯುವ ರೂಢಿಯಿರುವುದರಿಂದ, ಆ ರೂಪಗಳೂ ಪುಟದಲ್ಲಿ ಸಹಜವಾಗಿ ಬರಬೇಕು. ಒಂದೇ ಪದವನ್ನು ಅನಗತ್ಯವಾಗಿ ತುರುಕಿದರೆ ಓದುಗರು ಬೇಸರಗೊಳ್ಳುವರು; ಹುಡುಕು ಯಂತ್ರವೂ ಅಂತಹ ಪುಟವನ್ನು ಹಿಂದಕ್ಕೆ ತಳ್ಳುವುದು.

ಪುಟಕ್ಕೆ ಬಂದವರನ್ನು ಕೊಳ್ಳುವಂತೆ ಮಾಡುವುದು ವಿಶ್ವಾಸ. ತೂಕ, ಬೆಲೆ, ಸಾಗಣೆ ವೆಚ್ಚ, ತಯಾರಿಸಿದ ದಿನಾಂಕ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ನೈಜ ಛಾಯಾಚಿತ್ರ ಹಾಗೂ ಸಂಪರ್ಕ ದೂರವಾಣಿ ಮೊಬೈಲ್ ಪರದೆಯಲ್ಲಿ ಸುಲಭವಾಗಿ ಕಾಣುವಂತಿರಲಿ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ನೋಂದಾಯಿತ ಅಧಿಕೃತ ಬಳಕೆದಾರರು ಮಾತ್ರ ಆ ಮುದ್ರೆಯನ್ನು ಬಳಸಬಹುದು. ಅನ್ಯ ತಳಿಯನ್ನು ಬೆರೆಸಿ ಈ ಹೆಸರಿನಲ್ಲಿ ಮಾರಿದರೆ ಹಾನಿಯಾಗುವುದು ನಿಜವಾದ ಬೆಳೆಗಾರರಿಗೆ.

ಸದಸ್ಯರು ತಮ್ಮ ಗ್ರಾಮದ ಸಂಘದ ಉತ್ಪನ್ನವನ್ನು ಗ್ರಾಹಕರ ಮಾತಿನಲ್ಲಿಯೇ ಮೊಬೈಲ್‌ನಲ್ಲಿ ಒಮ್ಮೆ ಹುಡುಕಿ ನೋಡುವುದು. ಸಿಗದಿದ್ದಲ್ಲಿ, ಮೊದಲು ಶೀರ್ಷಿಕೆಯನ್ನು ತಿದ್ದಿಸುವುದು.