ಕುರ್ಚಿಗೆ ಜಾತಿ ಧರ್ಮವಿಲ್ಲ



ನಮ್ಮ ಹಾಸನದ ಲೇಖಕಿ ಬಾನು ಮುಷ್ತಾಕ್ 2025ರ ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟೂ ಅದನ್ನೇ ಮಾಡಿತು. ಇದು ಸರಕಾರದ ಕಾರ್ಯಕ್ರಮ, ಸರಕಾರ ಪ್ರಜೆಗಳಲ್ಲಿ ಭೇದ ಮಾಡುವಂತಿಲ್ಲ ಎಂಬುದು ನ್ಯಾಯಪೀಠದ ನಿಲುವು. ಸಕಲೇಶಪುರ, ಆಲೂರಿನ ನಾವೆಲ್ಲ ಸಂತೋಷಪಟ್ಟೆವು. ಪಡಬೇಕಾದದ್ದೇ.

ಆದರೆ ಅದೇ ಅಳತೆಗೋಲು ನಮಗೂ ಇದೆಯಲ್ಲವೇ? ನಮ್ಮವರೊಬ್ಬರು ಪಂಚಾಯಿತಿಗೆ ಆರಿಸಿ ಬಂದರೆ ಸಾಕು, ಮೊದಲು ನಮ್ಮ ಬೀದಿಗೆ ನಲ್ಲಿ, ನಮ್ಮವರಿಗೆ ಮನೆ ಎಂದು ಅವರ ಬಾಗಿಲಲ್ಲಿ ನಿಲ್ಲುತ್ತೇವೆ. ಸಿಗದಿದ್ದರೆ ಮಸೀದಿಯ ಅಂಗಳದಲ್ಲೇ ದೂರುತ್ತೇವೆ. ಕಾಡಾನೆ ಗದ್ದೆ ತುಳಿಯುವಾಗ ಯಜಮಾನನ ಧರ್ಮ ಕೇಳುವುದಿಲ್ಲ. ಬೆಳೆಹಾನಿಯ ಪರಿಹಾರ ಬರೆಯುವ ಅಧಿಕಾರಿಯೂ ಕೇಳಬಾರದು, ಆತ ನಮ್ಮ ಪಕ್ಕದಲ್ಲೇ ನಮಾಝಿಗೆ ನಿಲ್ಲುವವನಾದರೂ ಸರಿ.

ಹಾಗಾದರೆ ಅಧಿಕಾರದಲ್ಲಿ ದೀನ್‌ಗೆ ಕೆಲಸವೇ ಇಲ್ಲವೇ? ಇದೆ. ಲಂಚ ಮುಟ್ಟದಂತೆ ಆತನ ಕೈ ಹಿಡಿಯುವ ಕೆಲಸ ಅದರದ್ದು. ಹಗೆತನವಿರುವಲ್ಲೂ ನ್ಯಾಯ ತಪ್ಪಬಾರದೆಂಬ ಆದೇಶ ಸೂರಃ ಅಲ್‌ಮಾಇದದ 8ನೇ ವಚನದಲ್ಲಿದೆ. ನೆರೆಯವರ ವಿಷಯದಲ್ಲಿ ಹೇಳಬೇಕೇ?

ಮುಂದಿನ ಗ್ರಾಮಸಭೆಯಲ್ಲಿ ನಾವು ಮೊದಲು ಎದ್ದು ಕೇಳೋಣ, ಊರಾಚೆಯ ಕಾಲೊನಿಗೆ ನೀರು ಯಾವಾಗ ಎಂದು. ಅಲ್ಲಿ ನಮ್ಮವರ ಮನೆ ಒಂದೂ ಇಲ್ಲ.