ಗುರಿಗೆಯ ಗುರುತು

2022ರಲ್ಲಿ ಮಳೆ ಕಡಿಮೆಯಾಗುತ್ತಿದ್ದಂತೆ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಸಾಲಿನಲ್ಲಿ ನೀಲಕುರಿಂಜಿ ಅರಳಿತು. ಕನ್ನಡದಲ್ಲಿ ಇದಕ್ಕೆ ಗುರಿಗೆ ಎಂಬ ಹೆಸರೂ ಉಂಟು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವೆಂದು ಎಲ್ಲರೂ ಬಲ್ಲರು. ಆದರೆ ಬೆಟ್ಟದಲ್ಲಿ ಕಂಡ ನೀಲಿ ಹೂವೆಲ್ಲ ನೀಲಕುರಿಂಜಿಯಲ್ಲ. ಬರೀ ಬಣ್ಣ ನಂಬಿದರೆ ತಪ್ಪುವುದೇ ಹೆಚ್ಚು.

ಮೊದಲು ಅದು ಬೆಳೆದ ಜಾಗ ನೋಡಿ. ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1,300 ಮೀಟರಿಗಿಂತ ಮೇಲೆ, ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲೇ ಇದರ ನೆಲೆ. ಗಿಡ ಹೆಚ್ಚಾಗಿ ಮೊಣಕಾಲೆತ್ತರ. ಘಟ್ಟದ ಕೆಳಗಿನ ಕಾಡಿನಲ್ಲಿ ಆಳೆತ್ತರ ಮೀರಿದ ಪೊದೆ ಕಂಡರೆ ಅದು ಇದರ ಬಳಗದ ಕಾರ್ವಿ ಇರಬಹುದು.

ಆಮೇಲೆ ಬಗ್ಗಿ ಎಲೆ ನೋಡಿ. ನನ್ನ ಮಟ್ಟಿಗೆ ಹೂವಿಗಿಂತ ಎಲೆಯೇ ನಂಬಿಕಸ್ಥ ಸಾಕ್ಷಿ. ಎದುರುಬದುರಾಗಿ ಜೋಡಿಜೋಡಿ ಎಲೆ, ದಪ್ಪ ಮೈ, ಅಂಚಿನಲ್ಲಿ ಸಣ್ಣ ಹಲ್ಲು. ಎಲೆ ಕಾಂಡಕ್ಕೆ ಸೇರುವಲ್ಲಿ ತೊಟ್ಟಿದೆಯೇ ಎಂದು ಬೆರಳಿಟ್ಟು ನೋಡಿ. ಬೆಟ್ಟದ ಹುಲ್ಲುಗಾವಲಲ್ಲೇ ಗುಂಪಾಗಿ ಬೆಳೆಯುವ ಸ್ಟ್ರೋಬಿಲಾಂಥಸ್ ಸೆಸಿಲಿಸ್ ಎಂಬ ಹತ್ತಿರದ ಸಂಬಂಧಿಯ ಎಲೆಗೆ ತೊಟ್ಟಿಲ್ಲ, ಎಲೆಯ ಬುಡ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ನೀಲಕುರಿಂಜಿಯ ಎಲೆಗೆ ತೊಟ್ಟುಂಟು. ಜನ ಇವೆರಡನ್ನೂ ಕುರಿಂಜಿ ಎಂದೇ ಕರೆಯುವುದರಿಂದ ಈ ಗುರುತು ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಹೂವು. ಕನಕಾಂಬರ ಬೆಳೆಸಿದವರಿಗೆ ಇದರ ತೆನೆ ಪರಿಚಿತವೆನಿಸೀತು, ಎರಡೂ ಒಂದೇ ಕುಟುಂಬದವು. ಹಸಿರು ಪುಷ್ಪಪತ್ರಗಳ ಸಂದಿನಿಂದ ಗಂಟೆಯಾಕಾರದ ಹೂ ಹೊರಬರುತ್ತದೆ, ಅದರ ಬಾಯಿ ಐದು ಹೋಳು. ಎಳೆಯದರಲ್ಲಿ ತಿಳಿನೀಲಿ, ಬಲಿತಂತೆ ನೇರಳೆ ಛಾಯೆ. ಜೇನ್ನೊಣಗಳಿಗೆ ಸುಗ್ಗಿ.

ಕಾಯಿ ಒಣಗಿ ಸಿಡಿದು ಬೀಜ ಚೆಲ್ಲಿದ ಮೇಲೆ ಗಿಡ ಸಾಯುತ್ತದೆ. ಅದಕ್ಕೆ ಇನ್ನೊಂದು ಹೂಬಿಡುವ ವರ್ಷವಿಲ್ಲ. ಆದ್ದರಿಂದ ಫೋಟೊಗೆಂದು ರೆಂಬೆ ಮುರಿಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಹುಲ್ಲುಗಾವಲು ಚಹಾ ತೋಟವಾಗಿ, ನೀಲಗಿರಿ, ಅಕೇಶಿಯಾ ನೆಡುತೋಪಾಗಿ ಹೋದಲ್ಲೆಲ್ಲ ಇದರ ನೆಲೆ ಕುಗ್ಗಿದೆ. 2024ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯೂ ಇದನ್ನು ಅಪಾಯಕ್ಕೀಡಾದ ಸಸ್ಯಗಳ ಸಾಲಿಗೆ ಸೇರಿಸಿತು.

ಎಲ್ಲ ಬೆಟ್ಟಗಳೂ ಒಂದೇ ವರ್ಷ ಅರಳುವುದಿಲ್ಲ. ಕೇರಳದ ಮುನ್ನಾರಿನಲ್ಲಿ ದೊಡ್ಡ ಹೂಬಿಡುವಿಕೆ 2018ರಲ್ಲಿ ಆಗಿತ್ತು. 2022ರಲ್ಲಿ ಅರಳಿದ ನಮ್ಮ ಗಿರಿಯ ಗುಂಪುಗಳ ಸರದಿ ಮತ್ತೆ ಬರುವುದು 2034ರ ಸುಮಾರಿಗೆ. ಅಲ್ಲಿಯವರೆಗೆ ಆ ಬೀಜದ ಮರಿಗಿಡಗಳು ಹುಲ್ಲಿನ ನಡುವೆ ಹಸಿರಾಗಿಯೇ ಇರುತ್ತವೆ. ಕಳೆಯೆಂದು ತುಳಿಯುವ ಮೊದಲು ಎಲೆಯ ತೊಟ್ಟು ನೋಡಿ.