ಪಿಯಾನೋ ಟ್ಯೂನರ್ ಮತ್ತು ಶಾಲೆ: ಎಎಂಸಿಯಲ್ಲಿ ಏನು ಬರೆದಿರಬೇಕು?

ಇವತ್ತಿನ ಸಂಚಿಕೆ ಶಾಲೆ, ಕಾಲೇಜುಗಳಲ್ಲಿರೋ ಪಿಯಾನೋ ಬಗ್ಗೆ. ಸಂಗೀತದ ಮಾತಲ್ಲ, ಅದನ್ನ ಶ್ರುತಿ ಮಾಡೋಕೆ ಬರೋ ಟ್ಯೂನರ್ ಜೊತೆ ಶಾಲೆ ಮಾಡಿಕೊಳ್ಳೋ ವಾರ್ಷಿಕ ಕಾಂಟ್ರ್ಯಾಕ್ಟ್, ಅಂದ್ರೆ ಎಎಂಸಿ ಮಾತು.

ತಂಬೂರಿನ ನುಡಿಸೋರೇ ಶ್ರುತಿ ಮಾಡಿಕೊಳ್ತಾರೆ. ಪಿಯಾನೋದಲ್ಲಿ ಅದು ಆಗಲ್ಲ. 88 ಕೀ, ಸುಮಾರು 230 ತಂತಿ. ಎಲ್ಲಾ ತಂತಿಗಳ ಎಳೆತ ಸೇರಿಸಿದ್ರೆ 15ರಿಂದ 20 ಟನ್. ಇಷ್ಟು ಭಾರ ತಡೆಯೋದು ಒಳಗಿರೋ ಎರಕದ ಕಬ್ಬಿಣದ ಚೌಕಟ್ಟು. ಆದ್ರೆ ನಾದ ಹೊಮ್ಮಿಸೋ ಹಲಗೆ ಮರದ್ದು. ಮಳೆಗಾಲದಲ್ಲಿ ಅದು ತೇವ ಹೀರಿ ಉಬ್ಬುತ್ತೆ, ಶ್ರುತಿ ಏರುತ್ತೆ. ಬೇಸಿಗೆಯಲ್ಲಿ ಒಣಗುತ್ತೆ, ಶ್ರುತಿ ಇಳಿಯುತ್ತೆ. ಮಂಗಳೂರಿನಂಥ ಕರಾವಳಿಯಲ್ಲಾದ್ರೆ ತಂತಿಗೆ ತುಕ್ಕಿನ ಕಾಟ ಬೇರೆ. ಹಾಗಾಗಿ "ಯಾರೂ ನುಡಿಸೇ ಇಲ್ಲ, ಹೇಗೆ ಕೆಟ್ಟಿತು?" ಅನ್ನೋ ಪ್ರಶ್ನೆಗೆ ಉತ್ತರ ಹವಾಮಾನದಲ್ಲೇ ಇದೆ.

ಈಗ ಎಎಂಸಿಗೆ ಬರೋಣ. ಪತ್ರದಲ್ಲಿ "ಅಗತ್ಯವಿದ್ದಾಗ ಬಂದು ಸರಿಪಡಿಸತಕ್ಕದ್ದು" ಅಂತ ಒಂದೇ ಸಾಲು ಇದೆ ಅಂದ್ಕೊಳ್ಳಿ. ಉದಾಹರಣೆಗೆ ವರ್ಷಕ್ಕೆ 8,000 ರೂಪಾಯಿ. ಟ್ಯೂನರ್ ಎರಡು ಸಲ ಹೋದ್ರೆ ಭೇಟಿಗೆ 4,000. ಎಂಟು ಸಲ ಕರೆದ್ರೆ 1,000. ಪ್ರತಿ ಸಲ ಅರ್ಧ ದಿನ ಹೋಯ್ತು, ಓಡಾಟದ ಖರ್ಚು ಕೈಯಿಂದ. ಮೊತ್ತ ಬರೆದು ಕೆಲಸದ ಅಳತೆ ಬರೆಯದೇ ಇದ್ರೆ ನಷ್ಟ ಯಾವಾಗಲೂ ಒಬ್ಬರದೇ.

ಹಾಗಾದ್ರೆ ಏನು ಬರೀಬೇಕು?

ಒಂದು, ಭೇಟಿಗಳ ಸಂಖ್ಯೆ ಮತ್ತು ತಿಂಗಳು. ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ ಎರಡು ಸಲ ಬೇಕು. ಹವಾಮಾನ ಬದಲಾಗಿ ಕೆಲವು ವಾರ ಕಳೆದ ಮೇಲೆ ಮಾಡಿಸೋದು ಒಳ್ಳೇದು. ವಾರ್ಷಿಕೋತ್ಸವಕ್ಕೆ ಪಿಯಾನೋನ ವೇದಿಕೆಗೆ ಎಳೆದ್ರೆ, ಆಮೇಲಿನ ಟ್ಯೂನಿಂಗ್‌ಗೆ ಬೇರೆ ದರ.

ಎರಡು, ಶುರುವಿನ ಸ್ಥಿತಿ. ವರ್ಷಗಟ್ಟಲೆ ಮುಟ್ಟದ ಪಿಯಾನೋ ಸರಿಯಾದ ಶ್ರುತಿಗಿಂತ ತುಂಬಾ ಕೆಳಗಿಳಿದಿರುತ್ತೆ. ಮೊದಲು ಒರಟಾಗಿ ಏರಿಸಬೇಕು, ಆಮೇಲೆ ನಾಜೂಕಾಗಿ ಕೂರಿಸಬೇಕು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಏರಿಸುವಾಗ ಹಳೇ ತಂತಿ ಕಡಿದುಹೋಗಬಹುದು. ಆ ಖರ್ಚು ಯಾರದ್ದು? ಮೊದಲ ದಿನವೇ ಇಬ್ಬರೂ ಸೇರಿ ಪರೀಕ್ಷೆ ಮಾಡಿ ಸಹಿ ಹಾಕಿಕೊಳ್ಳಿ.

ಮೂರು, ಟ್ಯೂನಿಂಗ್ ಬೇರೆ, ರಿಪೇರಿ ಬೇರೆ. ಅಂಟಿಕೊಂಡ ಕೀ, ಸವೆದ ಫೆಲ್ಟ್, ಇಲಿ ಕಡಿದದ್ದು ಇವೆಲ್ಲ ಪ್ರತ್ಯೇಕ ಬಿಲ್.

ನಾಲ್ಕು, ನಿಶ್ಶಬ್ದ. ಇದು ಕಿವಿಯ ಕೆಲಸ, ಒಂದೂವರೆ ಎರಡು ಗಂಟೆ ಬೇಕು. ಪಕ್ಕದಲ್ಲೇ ಬ್ಯಾಂಡ್ ಪ್ರಾಕ್ಟೀಸ್ ನಡೀತಿದ್ರೆ ಆಗಲ್ಲ. ಕೋಣೆ ಖಾಲಿ ಮಾಡಿಕೊಡದಿದ್ರೂ ಆ ಭೇಟಿಯ ಹಣ ಕೊಡಬೇಕು ಅಂತ ಬರೆಸಿಕೊಳ್ಳಿ.

ಇನ್ನು ಬಿಲ್. "ಟ್ರಸ್ಟಿಗಳ ಸಹಿ ಆಗಿಲ್ಲ, ಮುಂದಿನ ತಿಂಗಳು ಬನ್ನಿ" ಅನ್ನೋದು ಸಣ್ಣ ಕಾಂಟ್ರ್ಯಾಕ್ಟರ್‌ಗಳಿಗೆಲ್ಲ ಗೊತ್ತಿರೋ ಮಾತು. ಒಬ್ಬರೇ ದುಡಿಯೋ ಟ್ಯೂನರ್ ಕೂಡ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಶುಲ್ಕ ಇಲ್ಲ, ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕೋ ಮೊದಲೇ ಮಾಡಿಕೊಂಡ್ರೆ ಒಳ್ಳೇದು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇದ್ರೂ ಪಾವತಿ ಗಡುವು 45 ದಿನ ಮೀರೋ ಹಾಗಿಲ್ಲ. ಒಪ್ಪಂದ ಇಲ್ಲದಿದ್ರೆ 15 ದಿನ. ತಡವಾದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಗಿರಾಕಿ ಕೈತಪ್ಪುತ್ತೆ ಅನ್ನೋ ಭಯಕ್ಕೆ ದೂರು ಕೊಡೋಕೆ ಹಿಂಜರಿಯೋದು ಸಹಜ. ಅದಕ್ಕೇ ಈ ಗಡುವನ್ನ ಕಾಂಟ್ರ್ಯಾಕ್ಟ್‌ನಲ್ಲೇ ಸೇರಿಸಿ. ಆಗ ಅದು ಜಗಳ ಅನ್ನಿಸಲ್ಲ, ಷರತ್ತು ಅನ್ನಿಸುತ್ತೆ.

ಶಾಲೆಯವರಿಗೂ ಒಂದು ಮಾತು. ಇದು ಟ್ಯೂನರ್‌ಗೆ ಮಾಡೋ ಉಪಕಾರ ಅಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಪಿಯಾನೋ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತ್ರೆ ಆ ದುಡ್ಡು ಹೋದ ಹಾಗೇ. ತಪ್ಪು ಶ್ರುತಿಯಲ್ಲಿ ಎರಡು ವರ್ಷ ಕಲಿತ ಮಗುವಿಗೆ ಅದೇ ಸರಿ ಅನ್ನಿಸಿಬಿಡುತ್ತೆ. ಆ ಕಿವಿಯನ್ನ ಮತ್ತೆ ಶ್ರುತಿ ಮಾಡೋಕೆ ಯಾವ ಎಎಂಸಿನೂ ಇಲ್ಲ.

ನಿಮ್ಮ ಕೆಲಸದ ಕಾಂಟ್ರ್ಯಾಕ್ಟ್‌ನಲ್ಲೂ "ಅಗತ್ಯವಿದ್ದಾಗ" ಅನ್ನೋ ಪದ ಇದೆಯಾ, ಇವತ್ತೇ ತೆಗೆದು ನೋಡಿ.